ಬಿ.ಪಿ. ಪುರಾಣ: ಸರ್ಪಗಂಧದಿಂದ ಖಾರಘರದವರೆಗೆ

ಮೊನ್ನೆ ಒಂದು ಭಾನುವಾರ ನಮ್ಮ ಸೊಸೈಟಿಯ ಆಫೀಸಿನಲ್ಲಿ ಉಚಿತ ಆರೋಗ್ಯ ತಪಾಸಣೆ ಇತ್ತು. ಎರಡು ಮೇಜು, ಒಬ್ಬರು ಡಾಕ್ಟರು, ಇಬ್ಬರು ನರ್ಸುಗಳು, ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಖಾರಘರದಲ್ಲಿ ಇದೇನೂ ಹೊಸತಲ್ಲ ಬಿಡಿ. ನಮ್ಮ ಕೆಳಗಿನ ಮಹಡಿಯ ರಾಯರು ನನ್ನ ಮುಂದೆಯೇ ಕೂತಿದ್ದರು. ವಿಜಾಪುರದ ಕಡೆಯವರು, ನಿವೃತ್ತರು, ದಿನಾ ಬೆಳಿಗ್ಗೆ ಸೆಂಟ್ರಲ್ ಪಾರ್ಕಿನಲ್ಲಿ ಎರಡು ಸುತ್ತು ನಡೆಯುವವರು. ಅವರ ತೋಳಿಗೆ ಪಟ್ಟಿ ಸುತ್ತಿ ಅಳೆದರೆ 172/104! ಡಾಕ್ಟರು ಹತ್ತು ನಿಮಿಷ ಕೂರಿಸಿ ಮತ್ತೆ ಅಳೆದರು. 168/102. "ಇನ್ನೆರಡು ದಿನ ಬೇರೆ ಬೇರೆ ಹೊತ್ತಿನಲ್ಲಿ ಅಳೆಯೋಣ, ಹೀಗೇ ಇದ್ದರೆ ಮಾತ್ರೆ ಶುರು ಮಾಡಬೇಕಾಗುತ್ತೆ" ಅಂದರು.

ರಾಯರು ಎದ್ದು ಹೊರಗೆ ಬಂದವರೇ ನನ್ನ ಹೆಗಲ ಮೇಲೆ ಕೈಯಿಟ್ಟು, "ನೋಡ್ರೀ, ಈ ಗುಳಿಗಿ ಒಮ್ಮೆ ಸುರು ಮಾಡಿದ್ರ ಸಾಯೂತನಕಾ ನುಂಗಬೇಕಂತ. ಅದಕ್ಕ ಸುರುನ ಮಾಡಬಾರದು. ನನಗೇನಾಗೇದ? ತಲಿ ನೋಯೂದಿಲ್ಲ, ಚಕ್ಕರ್ ಬರೂದಿಲ್ಲ" ಅಂದರು.

ನಾನು ನಗಲಿಲ್ಲ. ಯಾಕಂದರೆ ಈ ಮಾತನ್ನು ನಾನು ನಲವತ್ತು ವರ್ಷಗಳ ಹಿಂದೆ ಪರೇಲಿನಲ್ಲಿ, ಕುಂದಾಪುರದ ಕನ್ನಡದಲ್ಲಿ ಕೇಳಿದ್ದೆ. ಆ ಮಾತಿನ ಕೊನೆ ಏನಾಯಿತು ಅನ್ನುವುದನ್ನೂ ಕಣ್ಣಾರೆ ನೋಡಿದ್ದೆ. ಇವತ್ತಿನ ಈ ಪುರಾಣ ರಾಯರಿಗಾಗಿಯೇ. ನೀವೂ ಓದಿ, ನಿಮ್ಮ ಮನೆಯಲ್ಲೂ ಒಬ್ಬ ರಾಯರು ಇದ್ದಾರು.

ಪರೇಲಿನ ಗಲ್ಲೆಯ ಹಿಂದಿನ ಚೀಟಿ

ನಾನು ಬೈಂದೂರಿನ ಹತ್ತಿರದ ಹಳ್ಳಿಯಿಂದ ಮುಂಬಯಿಗೆ ಬಂದಿಳಿದದ್ದು 1976ರಲ್ಲಿ. ನನ್ನನ್ನು ಕರೆಸಿಕೊಂಡವರು ದೊಡ್ಡಪ್ಪಯ್ಯ. ಪರೇಲಿನ ಒಂದು ಗಲ್ಲಿಯಲ್ಲಿ ಅವರದ್ದೊಂದು ಪುಟ್ಟ ಹೋಟೆಲು. ಹಗಲು ಅಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ, ಮಲಗುವುದು ಹೋಟೆಲಿನ ಅಟ್ಟದ ಮೇಲೆ. ಗಿರಣಿ ಕೆಲಸಗಾರರು ನಮ್ಮ ಮುಖ್ಯ ಗಿರಾಕಿಗಳು. ಜೊತೆಗೆ ನಡೆದು ಹೋಗುವಷ್ಟು ದೂರದಲ್ಲಿದ್ದ ಕೆ.ಇ.ಎಂ. ಆಸ್ಪತ್ರೆಗೆ ಬಂದ ರೋಗಿಗಳ ಕಡೆಯವರು, ಒಮ್ಮೊಮ್ಮೆ ಡಾಕ್ಟರಿಕೆ ಓದುವ ಹುಡುಗರು. ದೊಡ್ಡಪ್ಪಯ್ಯ ಗಲ್ಲೆಯ ಮೇಲೆ ಕೂತು ಎಂಟು ಜನರ ಬಿಲ್ಲನ್ನು ಬಾಯಲ್ಲೇ ಕೂಡಿಸಿ ಹೇಳುವವರು. ಒಂದು ಪೈಸೆ ತಪ್ಪುತ್ತಿರಲಿಲ್ಲ.

1981ರಲ್ಲಿ ಒಮ್ಮೆ ಮೂಗಿನಿಂದ ರಕ್ತ ಬಂತೆಂದು ಹತ್ತಿರದ ಡಾಕ್ಟರ ಬಳಿ ಹೋದರು. ಬಿ.ಪಿ. ಇದೆ ಅಂತ ಮಾತ್ರೆ ಬರೆದುಕೊಟ್ಟರಂತೆ. ಕೆಲವು ದಿನ ನುಂಗಿದರು. ಆಮೇಲೆ ನಿಲ್ಲಿಸಿದರು. ನಾನು ಕೇಳಿದ್ದಕ್ಕೆ, "ನಂಗೆಂತ ಆಯ್ತ್ ಮಾಣಿ? ತಲೆನೋವಿಲ್ಲ, ಜ್ವರ ಇಲ್ಲ. ಸುಮ್ನೆ ಮಾತ್ರೆ ಎಂತಕ್ಕೆ?" ಅಂದರು. ನಾನೂ ಸುಮ್ಮನಾದೆ. ನನಗಾದರೂ ಏನು ಗೊತ್ತಿತ್ತು?

1982ರ ಜನವರಿಯಲ್ಲಿ ಗಿರಣಿಗಳ ದೊಡ್ಡ ಮುಷ್ಕರ ಶುರುವಾಯಿತು. ಗಲ್ಲಿ ಖಾಲಿಯಾಯಿತು, ಉದ್ರಿ ಪುಸ್ತಕ ದಪ್ಪವಾಯಿತು. ಮರುವರ್ಷ ಒಂದು ಬೆಳಿಗ್ಗೆ ದೇವರಿಗೆ ಊದುಬತ್ತಿ ಹಚ್ಚುತ್ತಿದ್ದ ದೊಡ್ಡಪ್ಪಯ್ಯ ಹಾಗೇ ಗಲ್ಲೆಯ ಪಕ್ಕಕ್ಕೆ ಕುಸಿದರು. ಬಲಗೈ, ಬಲಗಾಲು ಹೋಯಿತು, ಮಾತೂ ಹೋಯಿತು. ಅವರಿಗೆ ಆಗ 52 ವರ್ಷ. ಊರಿಗೆ ಕರೆದುಕೊಂಡು ಹೋದೆವು. ಆರು ವರ್ಷ ಜಗಲಿಯ ಮೇಲೆ ಕೂತಿದ್ದರು. ಬಾಯಲ್ಲಿ ಲೆಕ್ಕ ಮಾಡುತ್ತಿದ್ದ ಮನುಷ್ಯ ನೀರು ಬೇಕೆಂದರೂ ಕೈಸನ್ನೆ ಮಾಡಬೇಕಿತ್ತು. ಊರಲ್ಲಿ ಎಲ್ಲರೂ "ಲಕ್ವ ಹೊಡೀತು" ಅಂದರು. ಮುಷ್ಕರದ ಚಿಂತೆಯಿಂದ ಆಯಿತು ಅಂದರು. ಬಿ.ಪಿ. ಅನ್ನುವ ಶಬ್ದ ಯಾರ ಬಾಯಲ್ಲೂ ಬರಲಿಲ್ಲ.

ಹೋಟೆಲು ಬಿಟ್ಟುಕೊಡುವಾಗ ಗಲ್ಲೆಯ ಹಿಂದಿನ ಕೊಲ್ಲೂರು ಮೂಕಾಂಬಿಕೆಯ ಪಟ ಇಳಿಸಿದೆ. ಹಿಂದೆ ಮಡಚಿದ ಚೀಟಿಯೊಂದು ಸಿಕ್ಕಿತು. ಅದರ ಮೇಲೆ 190/116 ಅಂತ ಸಂಖ್ಯೆ, ಕೆಳಗೆ ಅಡೆಲ್ಫೇನ್ ಎಸಿಡ್ರೆಕ್ಸ್ ಅಂತ ಮಾತ್ರೆಯ ಹೆಸರು. ಜೊತೆಗೆ ಒಂದು ಪಟ್ಟಿ ಮಾತ್ರೆ. ಹತ್ತರಲ್ಲಿ ಆರು ಹಾಗೇ ಇದ್ದವು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಆ ಮಾತ್ರೆಯೊಳಗೆ ಏನಿತ್ತು, ಅದು ಎಲ್ಲಿಂದ ಬಂತು ಅಂತ ತಿಳಿಯಲು ನನಗೆ ಇನ್ನೂ ಮೂವತ್ತು ವರ್ಷ ಬೇಕಾಯಿತು. ತಿಳಿದಾಗ ಹೊಟ್ಟೆಯಲ್ಲಿ ಏನೋ ತೊಳಸಿದಂತಾಯಿತು. ಆ ಕಥೆ ಹೇಳುವ ಮುಂಚೆ ಬಿ.ಪಿ. ಅಳೆಯಲು ಮನುಷ್ಯ ಕಲಿತದ್ದು ಹೇಗೆ ಅಂತ ಸ್ವಲ್ಪ ನೋಡೋಣ.

ಕುದುರೆಯಿಂದ ಸೈಕಲ್ ಟ್ಯೂಬಿಗೆ

ರಕ್ತಕ್ಕೆ ಒತ್ತಡ ಇದೆ ಅಂತ ಮೊದಲು ಅಳೆದು ತೋರಿಸಿದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಒಂದು ಹೆಣ್ಣು ಕುದುರೆಯನ್ನು ಮಲಗಿಸಿ ಕಟ್ಟಿ, ಅದರ ರಕ್ತನಾಳಕ್ಕೆ ಕೊಳವೆ ಸೇರಿಸಿ, ಉದ್ದದ ಗಾಜಿನ ನಳಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ರಕ್ತ ಎಂಟು ಅಡಿಗೂ ಮೇಲಕ್ಕೆ ಏರಿ ನಿಂತಿತು. 1733ರಲ್ಲಿ ಇದನ್ನು ಪುಸ್ತಕದಲ್ಲಿ ಪ್ರಕಟಿಸಿದರು. ಆದರೆ ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡಲಾದೀತೆ?

ರಕ್ತನಾಳ ಕೊಯ್ಯದೆ ಅಳೆಯುವ ಸುಲಭ ವಿಧಾನ ಬರಲು ಇನ್ನೂ ನೂರಾ ಅರವತ್ತು ವರ್ಷ ಹಿಡಿಯಿತು. 1896ರಲ್ಲಿ ಇಟಲಿಯ ಟ್ಯೂರಿನ್ ಊರಿನ ಡಾಕ್ಟರ್ ರಿವಾ-ರೊಚ್ಚಿ ತೋಳಿಗೆ ರಬ್ಬರಿನ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸದ ಕಂಬದಲ್ಲಿ ಒತ್ತಡ ನೋಡುವ ಯಂತ್ರ ಮಾಡಿದರು. ಆ ಪಟ್ಟಿಗೆ ಅವರು ಬಳಸಿದ್ದು ಸೈಕಲ್ಲಿನ ಟ್ಯೂಬು ಅಂತ ಹೇಳುತ್ತಾರೆ. ಮೊಣಗಂಟಿನ ನಾಡಿ ನಿಂತಾಗ ಎಷ್ಟಿದೆಯೋ ಅದು ಮೇಲಿನ ಸಂಖ್ಯೆ. ಕೆಳಗಿನ ಸಂಖ್ಯೆಯನ್ನು ನಿಖರವಾಗಿ ಹಿಡಿಯುವ ದಾರಿ ತೋರಿಸಿದವರು ರಷ್ಯಾದ ನಿಕೊಲಾಯ್ ಕೊರೊಟ್ಕೊವ್. 1905ರಲ್ಲಿ ಅವರು ಪಟ್ಟಿಯ ಕೆಳಗೆ ಸ್ಟೆತೊಸ್ಕೋಪು ಇಟ್ಟು, ಗಾಳಿ ಬಿಡುತ್ತಾ ಹೋದ ಹಾಗೆ ಟಪ್ ಟಪ್ ಸದ್ದು ಎಲ್ಲಿ ಶುರುವಾಗುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಕೇಳಿ ತೋರಿಸಿದರು. ಇವತ್ತೂ ಡಾಕ್ಟರು ಕಿವಿಗಿಟ್ಟು ಕೇಳುವುದು ಅದೇ ಸದ್ದನ್ನು.

ಎರಡು ಸಂಖ್ಯೆ ಯಾಕೆ ಅಂತ ರಾಯರು ಕೇಳಿದ್ದರು. ನಮ್ಮ ಸೊಸೈಟಿಯ ನೀರಿನ ಪಂಪನ್ನೇ ನೆನಪಿಸಿಕೊಳ್ಳಿ. ಪಂಪು ಒತ್ತುವಾಗ ಪೈಪಿನ ಮೇಲೆ ಬೀಳುವ ಭಾರ ಒಂದು, ಎರಡು ಒತ್ತುಗಳ ನಡುವೆ ಪೈಪಿನಲ್ಲಿ ಉಳಿದಿರುವ ಭಾರ ಇನ್ನೊಂದು. ಹೃದಯ ಹಿಂಡಿದಾಗಿನದು ಮೇಲಿನ ಸಂಖ್ಯೆ, ಸಡಿಲಿಸಿದಾಗಿನದು ಕೆಳಗಿನದು. ಹತ್ತಾರು ವರ್ಷ ಹೆಚ್ಚಿನ ಒತ್ತಡದಲ್ಲಿ ನೀರು ಹರಿದರೆ ಪೈಪು ಸದ್ದಿಲ್ಲದೆ ಹಾಳಾಗುತ್ತಾ ಹೋಗುತ್ತೆ. ಒಡೆದ ದಿನವೇ ನಮಗೆ ಗೊತ್ತಾಗುವುದು. ಮಿದುಳಿನಲ್ಲಿ ಒಡೆದರೆ ಅಥವಾ ಕಟ್ಟಿಕೊಂಡರೆ ಲಕ್ವ, ಹೃದಯದಲ್ಲಾದರೆ ಹೃದಯಾಘಾತ, ಮೂತ್ರಪಿಂಡದಲ್ಲಾದರೆ ಡಯಾಲಿಸಿಸ್.

ಅಳೆಯುವ ಯಂತ್ರ ಬಂದ ಮೇಲೂ ಬಹಳ ವರ್ಷ ಡಾಕ್ಟರುಗಳೇ ಇದನ್ನು ರೋಗ ಅಂತ ಒಪ್ಪಿರಲಿಲ್ಲ. ವಯಸ್ಸಾದ ಹಾಗೆ ನಾಳ ಗಟ್ಟಿಯಾಗುತ್ತೆ, ರಕ್ತ ಮುಂದೆ ಹೋಗಬೇಕಾದರೆ ಒತ್ತಡ ಹೆಚ್ಚಲೇಬೇಕು, ಅದನ್ನು ಇಳಿಸಿದರೆ ಅಪಾಯ ಅಂತ ದೊಡ್ಡ ದೊಡ್ಡವರೇ ನಂಬಿದ್ದರು. ರಾಯರೇ, ನಿಮ್ಮ ವಾದಕ್ಕೂ ಒಂದು ಕಾಲದಲ್ಲಿ ದೊಡ್ಡ ಡಾಕ್ಟರುಗಳ ಬೆಂಬಲ ಇತ್ತು ನೋಡಿ!

ಈ ನಂಬಿಕೆಯ ಬೆಲೆ ತೆತ್ತವರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕೂಡ ಒಬ್ಬರು. 1944ರ ಮಾರ್ಚಿನಲ್ಲಿ ಅವರ ಬಿ.ಪಿ. 186/108. ಉಪ್ಪು ಕಡಿಮೆ ಮಾಡಿ, ವಿಶ್ರಾಂತಿ ತೆಗೆದುಕೊಳ್ಳಿ ಅನ್ನುವುದರ ಆಚೆಗೆ ಡಾಕ್ಟರರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 1945ರ ಏಪ್ರಿಲ್ 12ರಂದು ತಲೆ ಹಿಡಿದುಕೊಂಡು ಕುಸಿದರು. ಆಗ ಅಳೆದದ್ದು 300/190. ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಮಹಾಯುದ್ಧ ನಡೆಸಿದ ಮನುಷ್ಯನಿಗೆ ಕೊಡಲು ಒಂದು ಒಳ್ಳೆಯ ಮಾತ್ರೆ ಅವರ ದೇಶದಲ್ಲಿ ಇರಲಿಲ್ಲ.

ನಮ್ಮ ದೇಶದಲ್ಲಿ ಇತ್ತು! ಅದೇ ಈ ಪುರಾಣದ ವಿಚಿತ್ರ.

ನಮ್ಮ ಘಟ್ಟದ ಬೇರು

ಸರ್ಪಗಂಧ ಅಂತ ಒಂದು ಸಣ್ಣ ಗಿಡ. ಘಟ್ಟದ ಕಡೆ ಸೂತ್ರನಾಭಿ ಅಂತಲೂ ಕರೆಯುತ್ತಾರೆ. ಬಿಳಿ ಹೂ, ಕೆಂಪು ತೊಟ್ಟು, ಹಣ್ಣಾದಾಗ ಕಪ್ಪು ಮಣಿಯಂಥ ಕಾಯಿ. ಹಾವು ಕಚ್ಚಿದರೆ, ಹುಚ್ಚು ಕೆರಳಿದರೆ, ನಿದ್ದೆ ಬಾರದಿದ್ದರೆ ಇದರ ಬೇರು ಕೊಡುವ ಪದ್ಧತಿ ದೇಶದ ಹಲವು ಕಡೆ ಇತ್ತು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ, ಈ ಬೇರು ಹುಚ್ಚಿಗೂ ರಕ್ತದ ಏರೊತ್ತಡಕ್ಕೂ ಔಷಧ ಅಂತ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದೇ ಹೊತ್ತಿಗೆ ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಬೇರಿನೊಳಗಿನ ಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಅಂತ ಹೆಸರಿಟ್ಟರು.

1934ರಲ್ಲಿ ಡೆಹ್ರಾಡೂನಿನ ಹಿಮಾಲಯ ಡ್ರಗ್ ಕಂಪೆನಿ ಈ ಬೇರಿನಿಂದ ಸರ್ಪಿನಾ ಅನ್ನುವ ಮಾತ್ರೆ ಮಾಡಿ ಮಾರಲು ಶುರು ಮಾಡಿತು. ಕಂಪೆನಿ ಹುಟ್ಟುಹಾಕಿದ ಮೊಹಮ್ಮದ್ ಮನಾಲ್, ಬರ್ಮಾದ ಕಾಡಿನಲ್ಲಿ ಕೆರಳಿದ ಆನೆಗೆ ಈ ಬೇರು ತಿನ್ನಿಸಿ ಸಮಾಧಾನ ಮಾಡುವುದನ್ನು ನೋಡಿದ್ದರು ಅಂತ ಕಂಪೆನಿಯವರು ಹೇಳುವ ಕಥೆ. ಮುಂದೆ 1975ರಲ್ಲಿ ಇದೇ ಕಂಪೆನಿ ಬೆಂಗಳೂರಿನ ಮಾಕಳಿಯಲ್ಲಿ ಕಾರ್ಖಾನೆ ಹಾಕಿತು. ತುಮಕೂರು ರಸ್ತೆಯಲ್ಲಿ ಊರಿಗೆ ಹೋಗುವವರು ನೋಡಿರುತ್ತೀರಿ. ರೂಸ್‌ವೆಲ್ಟ್ ಕುಸಿಯುವ ಹೊತ್ತಿಗೆ ಈ ಮಾತ್ರೆ ನಮ್ಮಲ್ಲಿ ಹನ್ನೊಂದು ವರ್ಷಗಳಿಂದ ಅಂಗಡಿಯಲ್ಲಿತ್ತು. ಆದರೆ ನಮ್ಮ ಪತ್ರಿಕೆಗಳನ್ನು ಹೊರಗಿನವರು ಓದುತ್ತಿರಲಿಲ್ಲ. ಔಷಧ ಇತ್ತು, ಬೇಕಾದವನಿಗೆ ಮುಟ್ಟಿರಲಿಲ್ಲ.

ಮುಟ್ಟಿಸಿದವರು ಮುಂಬಯಿಯವರು. ಡಾಕ್ಟರ್ ರುಸ್ತೊಮ್ ಜಾಲ್ ವಕೀಲ್, 1911ರಲ್ಲಿ ಹುಟ್ಟಿದ ಪಾರ್ಸಿ. ಲಂಡನ್ನಿನಲ್ಲಿ ಓದಿ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಹೃದಯತಜ್ಞರು. ಆ ಆಸ್ಪತ್ರೆಯೂ ಅದಕ್ಕೆ ಸೇರಿದ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜೂ 1926ರಲ್ಲಿ ಶುರುವಾದವು. ಕಾಲೇಜಿನಲ್ಲಿ ಕಲಿಸುವವರು ಭಾರತೀಯ ಡಾಕ್ಟರುಗಳೇ ಆಗಿರಬೇಕು ಅನ್ನುವುದು ದಾನ ಕೊಟ್ಟವರ ಷರತ್ತಾಗಿತ್ತು. ವಕೀಲರು ಏರೊತ್ತಡದ ಐವತ್ತು ರೋಗಿಗಳಿಗೆ ಸರ್ಪಗಂಧ ಕೊಟ್ಟು, ಒತ್ತಡ ಎಷ್ಟು ಇಳಿಯುತ್ತೆ, ಔಷಧ ನಿಲ್ಲಿಸಿದ ಮೇಲೆ ಏನಾಗುತ್ತೆ ಅಂತ ಲೆಕ್ಕ ಇಟ್ಟರು. 1949ರಲ್ಲಿ ಅದನ್ನು ಲಂಡನ್ನಿನ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು.

ಆಗ ಜಗತ್ತು ಕಣ್ಣು ಬಿಟ್ಟಿತು. ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಭಾರತದಿಂದ ಬೇರಿನ ಮಾತ್ರೆ ತರಿಸಿ ತಮ್ಮ ರೋಗಿಗಳಿಗೆ ಕೊಟ್ಟು ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯವರು ಬೇರಿನ ಮುಖ್ಯ ಸತ್ವವನ್ನು ಶುದ್ಧವಾಗಿ ತೆಗೆದು ರೆಸರ್ಪೀನ್ ಅಂತ ಕರೆದರು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿಯಲ್ಲಿ ಪಾಲು, 1958ರಲ್ಲಿ ಪದ್ಮಭೂಷಣ. 1974ರಲ್ಲಿ ತೀರಿಕೊಂಡರು.

ಈಗ ನನ್ನ ಚೀಟಿಗೆ ಬರುತ್ತೇನೆ. ಅಡೆಲ್ಫೇನ್ ಎಸಿಡ್ರೆಕ್ಸ್ ಮಾತ್ರೆಯಲ್ಲಿ ಇದ್ದದ್ದು ಮೂರು ಔಷಧ. ಅದರಲ್ಲಿ ಒಂದು ರೆಸರ್ಪೀನ್. ಅಂದರೆ ನಮ್ಮ ಘಟ್ಟದಲ್ಲೂ ಬೆಳೆಯುವ ಆ ಬೇರಿನ ಸತ್ವ. ನಮ್ಮ ಹೋಟೆಲಿನಿಂದ ನಡೆದು ಹೋಗುವಷ್ಟು ದೂರದ ಆಸ್ಪತ್ರೆಯ ಡಾಕ್ಟರು ಜಗತ್ತಿಗೆ ತೋರಿಸಿಕೊಟ್ಟದ್ದು ಬಾಸ್ಟನ್ನು, ಸ್ವಿಟ್ಜರ್ಲೆಂಡು ಎಲ್ಲ ಸುತ್ತಿ, ಮಾತ್ರೆಯಾಗಿ ಪರೇಲಿಗೇ ಮರಳಿ ಬಂದು ದೊಡ್ಡಪ್ಪಯ್ಯನ ಗಲ್ಲೆಯ ಹಿಂದೆ ಕೂತಿತ್ತು. ಗಲ್ಲೆಯಿಂದ ಬಾಯಿಗೆ ಎರಡು ಅಡಿ. ಆ ಎರಡು ಅಡಿ ಮಾತ್ರ ಅದಕ್ಕೆ ದಾಟಲಾಗಲಿಲ್ಲ.

ಮಾತ್ರೆ ಜೀವ ಉಳಿಸುತ್ತೆ ಅಂತ ಹೇಗೆ ಗೊತ್ತಾಯಿತು?

ಒತ್ತಡ ಇಳಿಯುತ್ತೆ ಸರಿ, ಅದರಿಂದ ಜೀವ ಉಳಿಯುತ್ತೆಯೇ? ಇದು ನ್ಯಾಯವಾದ ಪ್ರಶ್ನೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಿನಲ್ಲಿ 1948ರಿಂದ 5,209 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಾ ಬಂದರು. ಒತ್ತಡ ಹೆಚ್ಚಿದ್ದವರಿಗೇ ಮುಂದೆ ಲಕ್ವ, ಹೃದಯಾಘಾತ ಹೆಚ್ಚು ಅಂತ ಸ್ಪಷ್ಟವಾಯಿತು. ವಯಸ್ಸಾದ ಮೇಲೆ ಬಿ.ಪಿ. ಸಹಜ ಅನ್ನುವ ಮಾತು ಅಲ್ಲಿಗೆ ಮುರಿದುಬಿತ್ತು.

1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಪರೀಕ್ಷೆಯ ಫಲಿತಾಂಶ ಬಂತು. ಕೆಳಗಿನ ಸಂಖ್ಯೆ 115ರಿಂದ 129ರವರೆಗೆ ಇದ್ದ 143 ಗಂಡಸರು. ಅರ್ಧ ಜನಕ್ಕೆ ನಿಜವಾದ ಔಷಧ, ಉಳಿದರ್ಧಕ್ಕೆ ಹಾಗೇ ಕಾಣುವ ಸತ್ವವಿಲ್ಲದ ಮಾತ್ರೆ. ಎರಡು ವರ್ಷ ಕಳೆಯುವಷ್ಟರಲ್ಲೇ ಸುಳ್ಳು ಮಾತ್ರೆ ತಿಂದವರಲ್ಲಿ 27 ಜನಕ್ಕೆ ದೊಡ್ಡ ಅನಾಹುತ, ನಾಲ್ವರ ಸಾವು. ಔಷಧ ತಿಂದವರಲ್ಲಿ ಇಬ್ಬರಿಗೆ ಮಾತ್ರ ತೊಂದರೆ, ಸಾವು ಒಂದೂ ಇಲ್ಲ. ಆ ಔಷಧ ಯಾವುದು ಗೊತ್ತೇ? ಮೂರು ಸೇರಿಸಿದ ಮಾತ್ರೆ, ಅದರಲ್ಲೊಂದು ನಮ್ಮ ರೆಸರ್ಪೀನ್. ದೊಡ್ಡಪ್ಪಯ್ಯನ ಕೆಳಗಿನ ಸಂಖ್ಯೆ 116. ಅವರ ಮಾತ್ರೆಯೂ ಹೆಚ್ಚುಕಡಿಮೆ ಅದೇ ಜಾತಿಯದು. ನಾನು ಈ ಲೆಕ್ಕ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಹಾಗಂತ ಯಾರೂ ಈಗ ಸರ್ಪಗಂಧದ ಬೇರು ಹುಡುಕಿಕೊಂಡು ಹೋಗಬೇಡಿ. ರೆಸರ್ಪೀನಿಗೆ ಅಡ್ಡಪರಿಣಾಮಗಳಿದ್ದವು. ಮೂಗು ಕಟ್ಟುವುದು, ಮಂಕು, ಕೆಲವರಿಗೆ ಮನಸ್ಸೇ ಕುಗ್ಗುವುದು. ಅದಕ್ಕಿಂತ ಹಿತವಾದವು ಬಂದ ಮೇಲೆ ಅದು ಹಿಂದೆ ಸರಿಯಿತು. 1950ರ ದಶಕದ ಕೊನೆಗೆ ಮೂತ್ರ ಹೆಚ್ಚಿಸಿ ಉಪ್ಪು ಹೊರಹಾಕುವ ಥಯಜೈಡ್, ಅರವತ್ತರ ದಶಕದಲ್ಲಿ ಪ್ರೊಪ್ರನೊಲಾಲ್, 1981ರಲ್ಲಿ ಕ್ಯಾಪ್ಟೊಪ್ರಿಲ್. ಈ ಕ್ಯಾಪ್ಟೊಪ್ರಿಲ್ಲಿನ ಸುಳಿವು ಸಿಕ್ಕಿದ್ದು ಬ್ರೆಜಿಲ್ ದೇಶದ ಒಂದು ಹಾವಿನ ವಿಷದಿಂದ. ಸರ್ಪಗಂಧದಿಂದ ಹೊರಟದ್ದು ಸರ್ಪಕ್ಕೇ ಬಂತು ನೋಡಿ! ಈಗ ಡಾಕ್ಟರು ಹೆಚ್ಚಾಗಿ ಬರೆಯುವ ಆಮ್ಲೊಡಿಪಿನ್, ಟೆಲ್ಮಿಸಾರ್ಟನ್ ಆಮೇಲೆ ಬಂದವು. ದಿನಕ್ಕೆ ಒಂದು ಸಣ್ಣ ಮಾತ್ರೆ, ಬೆಲೆ ಕೆಲವೇ ರೂಪಾಯಿ. ಒಂದು ವಡಾಪಾವಿಗಿಂತ ಕಡಿಮೆ.

ನೂರರಲ್ಲಿ ಹದಿಮೂರು

ಇಷ್ಟು ಚರಿತ್ರೆ, ಇಷ್ಟು ಅಗ್ಗದ ಮಾತ್ರೆ. ಆದರೂ ನಮ್ಮ ಪಾಡು ಏನು? ಬೆಂಗಳೂರಿನಲ್ಲಿರುವ ಐ.ಸಿ.ಎಂ.ಆರ್.ನ ರೋಗಮಾಹಿತಿ ಸಂಸ್ಥೆ 2017-18ರಲ್ಲಿ ದೇಶದ ಉದ್ದಗಲಕ್ಕೂ ಸಮೀಕ್ಷೆ ನಡೆಸಿತು. 18ರಿಂದ 69 ವರ್ಷದವರಲ್ಲಿ ಶೇಕಡಾ 28.5 ಜನಕ್ಕೆ ಏರೊತ್ತಡ. ಅವರಲ್ಲಿ ತಮಗೆ ಬಿ.ಪಿ. ಇದೆ ಅಂತ ಗೊತ್ತಿದ್ದವರು ಶೇಕಡಾ 27.9, ಚಿಕಿತ್ಸೆಯಲ್ಲಿದ್ದವರು 14.5, ಹತೋಟಿಯಲ್ಲಿದ್ದವರು 12.6. ಅಂದರೆ ಬಿ.ಪಿ. ಇರುವ ನೂರು ಜನರನ್ನು ಒಂದು ಲೋಕಲ್ ಡಬ್ಬದಲ್ಲಿ ತುಂಬಿದರೆ ಎಪ್ಪತ್ತೆರಡು ಜನಕ್ಕೆ ತಮಗೆ ಅದು ಇದೆ ಅಂತಲೇ ಗೊತ್ತಿಲ್ಲ! ಕ್ಷೇಮವಾಗಿ ಮನೆ ಸೇರುವ ಲೆಕ್ಕದಲ್ಲಿರುವವರು ಹನ್ನೆರಡೋ ಹದಿಮೂರೋ ಜನ. 2021ರಲ್ಲಿ ಮುಂಬಯಿಯಲ್ಲೇ ನಡೆದ ಸಮೀಕ್ಷೆಯಲ್ಲಿ ಇದೇ ವಯಸ್ಸಿನ ಶೇಕಡಾ 34 ಜನಕ್ಕೆ ಬಿ.ಪಿ. ಹೆಚ್ಚಿತ್ತು. ನಮ್ಮ ಲಿಫ್ಟಿನಲ್ಲಿ ಆರು ಜನ ನಿಂತರೆ ಇಬ್ಬರು.

ದಾರಿ ಇಲ್ಲ ಅಂತಲ್ಲ. 2017ರ ಕೊನೆಗೆ ಐದು ರಾಜ್ಯಗಳಲ್ಲಿ ಭಾರತ ಏರೊತ್ತಡ ನಿಯಂತ್ರಣ ಯೋಜನೆ ಅಂತ ಒಂದು ಕೆಲಸ ಶುರುವಾಯಿತು. ನಮ್ಮ ಮಹಾರಾಷ್ಟ್ರವೂ ಅದರಲ್ಲಿತ್ತು. ಅವರು ಹೊಸ ಔಷಧವನ್ನೇನೂ ಕಂಡುಹಿಡಿಯಲಿಲ್ಲ. ಆಸ್ಪತ್ರೆಗೆ ಯಾವುದಕ್ಕೇ ಬಂದರೂ ಬಿ.ಪಿ. ಅಳೆಯುವುದು, ಎಲ್ಲ ಕಡೆ ಒಂದೇ ಕ್ರಮದ ಔಷಧ, ಒಮ್ಮೆ ಬಂದರೆ ಮೂವತ್ತು ದಿನದ ಮಾತ್ರೆ, ಪ್ರತಿಯೊಬ್ಬರಿಗೂ ಒಂದು ಕಾರ್ಡು, ಬಾರದೇ ಹೋದವರನ್ನು ಹುಡುಕಿ ಕರೆಸುವುದು. ಇಷ್ಟೇ. ಐದೇ ವರ್ಷದಲ್ಲಿ, ಅವರ ಚಿಕಿತ್ಸೆಯಲ್ಲಿದ್ದವರ ಪೈಕಿ ಹೆಚ್ಚುಕಡಿಮೆ ಅರ್ಧ ಜನರ ಬಿ.ಪಿ. ಹತೋಟಿಗೆ ಬಂತು. 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಸಿಕ್ಕಿತು. ನಮ್ಮ ಕರ್ನಾಟಕದಲ್ಲೂ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಅಂತ ಶುರು ಮಾಡಿದರು. ಮೂವತ್ತು ದಾಟಿದವರಿಗೆ ಮನೆಬಾಗಿಲಲ್ಲೇ ಬಿ.ಪಿ., ಸಕ್ಕರೆ ಪರೀಕ್ಷೆ. ಆಮೇಲೆ ಅದನ್ನು ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದರು. ಊರಲ್ಲಿರುವ ಅಪ್ಪ ಅಮ್ಮನಿಗೆ ಫೋನು ಮಾಡಿದಾಗ ಊಟ ಆಯ್ತಾ ಅಂತ ಕೇಳುವ ಹಾಗೆ, "ಬಿ.ಪಿ. ಅಳೆಯಲು ಬಂದಿದ್ರಾ? ಎಷ್ಟು ಬಂತು?" ಅಂತಲೂ ಕೇಳಿ.

ನನ್ನ ಕಥೆಯೂ ಅಷ್ಟೇ

ಇಷ್ಟೆಲ್ಲ ಹೇಳುವ ನಾನೇನು ಭಾರೀ ಬುದ್ಧಿವಂತ ಅಂದುಕೊಳ್ಳಬೇಡಿ. 2011ರಲ್ಲಿ ಕಣ್ಣಿನ ಆಪರೇಶನ್ನಿಗೆ ಮುಂಚೆ ಅಳೆದಾಗ ನನ್ನದು 164/102 ಬಂತು. ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ 130/82ಕ್ಕೆ ಇಳಿಯಿತು. ನಾನೇನು ಮಾಡಿದೆ? ಗುಣವಾಯಿತು ಅಂತ ನಿಲ್ಲಿಸಿದೆ! ಆರು ತಿಂಗಳ ಮೇಲೆ ನನ್ನವಳು ಗಲಾಟೆ ಮಾಡಿ ಕರೆದುಕೊಂಡು ಹೋದಾಗ 178/106. ಆ ದಿನ ಮನೆಗೆ ಬಂದು ಕಪಾಟಿನಿಂದ ದೊಡ್ಡಪ್ಪಯ್ಯನ ಚೀಟಿ ತೆಗೆದು ನೋಡಿದೆ. ಅವರಿಗೆ ಯಾರೂ ಹೇಳಿರಲಿಲ್ಲ, ಓದಲು ಏನೂ ಸಿಕ್ಕಿರಲಿಲ್ಲ. ನನಗೆ ಎಲ್ಲ ಗೊತ್ತಿದ್ದೂ ಅದೇ ತಪ್ಪು ಮಾಡಿದ್ದೆ.

ಆವತ್ತೇ ನನಗೆ ಅರ್ಥವಾದದ್ದು ಇದು. ಮಾತ್ರೆ ತಿಂದು ಬಿ.ಪಿ. ಇಳಿದಿದೆ ಅಂದರೆ ರೋಗ ಹೋಗಿದೆ ಅಂತಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಅಂತ. ಕನ್ನಡಕ ಹಾಕಿದಾಗ ಅಕ್ಷರ ಕಾಣುತ್ತೆ ಅಂತ ಕನ್ನಡಕ ಎಸೆಯುತ್ತೇವೆಯೇ? ಚಾಳೀಸು ಬಂದ ಮೇಲೆ ರಾಯರೂ ಸಾಯುವ ತನಕ ಕನ್ನಡಕ ಹಾಕಲು ಒಪ್ಪಿಲ್ಲವೇ? ಗುಳಿಗೆ ಮಾತ್ರ ಯಾಕೆ ಬೇಡ? ತೂಕ ಇಳಿಸಿ, ಉಪ್ಪು ಇಳಿಸಿದ ಮೇಲೆ ಕೆಲವರಿಗೆ ಡಾಕ್ಟರೇ ಮಾತ್ರೆ ಕಡಿಮೆ ಮಾಡುವುದುಂಟು. ಅದನ್ನು ನಾವಾಗಿ ಮಾಡಬಾರದು, ಅಷ್ಟೇ.

ಇನ್ನು ಉಪ್ಪಿನ ವಿಷಯ. ದಿನಕ್ಕೆ ಐದು ಗ್ರಾಂ ಸಾಕು, ಅಂದರೆ ಒಂದು ಚಮಚೆ, ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಬೆಂಗಳೂರಿನ ಸಂಸ್ಥೆಯ ಲೆಕ್ಕದಂತೆ ನಮ್ಮವರು ತಿನ್ನುವುದು ಎಂಟು ಗ್ರಾಂ. ನಮ್ಮ ಕಡೆಯ ಗಂಜಿ ಊಟವೆಂದರೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕ. ಅದಕ್ಕೆ ಈ ಊರಿನ ಫರಸಾಣ, ವೇಫರ್ಸ್ ಸೇರಿಕೊಂಡಿದೆ. ಪೂರ್ತಿ ಬಿಡಿ ಅಂದರೆ ನಾನೇ ಬಿಡಲಾರೆ. ಉಪ್ಪಿನಕಾಯಿ ತಟ್ಟೆಯ ತುದಿಗೆ ಒಂದು ಚೂರು, ಮಜ್ಜಿಗೆಗೆ ಮೇಲಿನಿಂದ ಉಪ್ಪು ಇಲ್ಲ. ಇಷ್ಟು ಮಾಡಿದ್ದೇನೆ. ತಿಂಗಳೊಳಗೆ ನಾಲಗೆ ಒಗ್ಗಿಕೊಂಡಿತು. ಮಾತ್ರೆಯೂ ಬಿಡಲಿಲ್ಲ.

ಮನೆಯಲ್ಲಿ ಯಂತ್ರ ಇಟ್ಟುಕೊಂಡವರಿಗೆ ಎರಡು ಮಾತು. ಸಂತೆಯಿಂದ ಚೀಲ ಹೊತ್ತು ಬಂದು ಏದುಸಿರಿನಲ್ಲಿ ಅಳೆಯಬೇಡಿ. ಅರ್ಧ ಗಂಟೆ ಮುಂಚೆ ಚಹಾ, ಕಾಫಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಕುರ್ಚಿಗೆ ಆನಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂರಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಪಟ್ಟಿ ಅಂಗಿಯ ಮೇಲಲ್ಲ, ಚರ್ಮದ ಮೇಲಿರಲಿ. ಮಾತಾಡಬೇಡಿ (ನನ್ನವಳಿಗೆ ಇದೇ ಕಷ್ಟ!). ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆದು ಎರಡನ್ನೂ ಬರೆದಿಡಿ. ಆಸ್ಪತ್ರೆಯಲ್ಲಿ 140/90, ಮನೆಯಲ್ಲಿ 135/85 ಅಥವಾ ಅದಕ್ಕೆ ಮೇಲೆ ಮತ್ತೆ ಮತ್ತೆ ಬರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಮುಖ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಯಂತ್ರ ಹುಡುಕುತ್ತಾ ಕೂರಬೇಡಿ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಓಡಿ.

ಕಳೆದ ವಾರ ಸಂಜೆ ರಾಯರನ್ನು ಮನೆಗೆ ಕರೆದೆ. ಚಹಾ ಆಮೇಲೆ ಅಂತ ಹೇಳಿ ಮೊದಲು ಚೀಟಿ ತೋರಿಸಿದೆ. ಕಾಗದ ಹಳದಿಯಾಗಿದೆ, ಮಡಿಕೆಯಲ್ಲಿ ಹರಿದಿದೆ, ಆದರೆ 190/116 ಇನ್ನೂ ಓದಲು ಬರುತ್ತೆ. ದೊಡ್ಡಪ್ಪಯ್ಯನ ಕಥೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಅವರ ವಯಸ್ಸೆಷ್ಟರೀ ಆವಾಗ?" ಅಂದರು. ಐವತ್ತೆರಡು ಅಂದೆ. "ನಮ್ಮ ಅಣ್ಣಾನೂ ಹಂಗಽ ಹೋದ. ಗಾಳಿ ಬಡೀತು ಅಂದ್ರು" ಅಂದರು. ಆ ಅಣ್ಣನ ಬಿ.ಪಿ.ಯನ್ನು ಯಾರೂ ಯಾವತ್ತೂ ಅಳೆದಿರಲಿಲ್ಲವಂತೆ.

ತೋಳು ಚಾಚಿದರು. ಅಳೆದೆ. 166/100. ಬರೆದಿಟ್ಟುಕೊಂಡೆ. ಮರುದಿನ ಬೆಳಿಗ್ಗೆಯೂ ಬಂದರು, 170/102. ಎರಡೂ ಸಂಖ್ಯೆ ಬರೆದ ಚೀಟಿ ಹಿಡಿದು ಸೋಮವಾರ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾರೆ. ಮಾತ್ರೆ ತಂದಿದ್ದಾರೆ. ನುಂಗುತ್ತಿದ್ದಾರೋ ಇಲ್ಲವೋ, ತಿಂಗಳ ಕೊನೆಗೆ ಪಟ್ಟಿ ಎಣಿಸಿ ನೋಡುತ್ತೇನೆ ಅಂತ ಹೆದರಿಸಿದ್ದೇನೆ. "ಎಣಸ್ರಿ, ಎಣಸ್ರಿ" ಅಂತ ನಕ್ಕರು.

ನೀವು ಕೊನೆಯ ಸಲ ಅಳೆಸಿಕೊಂಡದ್ದು ಯಾವಾಗ? ಎಷ್ಟಿತ್ತು? ನಿಮ್ಮ ಗಾಡಿಯ ನಂಬರು ನೆನಪಿದೆ, ಬ್ಯಾಂಕಿನ ಖಾತೆಯ ನಂಬರು ನೆನಪಿದೆ. ಈ ಎರಡು ಸಂಖ್ಯೆಯೂ ನೆನಪಿರಲಿ.